ರೇಡಿಯೋದ ಕಳೆದುಹೋದ ನಾಬ್‌ಗೆ ಮನೆಯಲ್ಲೇ ಅಚ್ಚು, ಮನೆಯಲ್ಲೇ ಎರಕ

ಈಗ ನೀವು ನೋಡುತ್ತಿರುವುದು ನಮ್ಮ ಹಳೆಯ ವಾಲ್ವ್ ರೇಡಿಯೋದಲ್ಲಿ ಉಳಿದಿರುವ ಒಂದೇ ನಾಬ್. ಇದರ ಜೋಡಿ ಎಂದೋ ಕಳೆದುಹೋಗಿದೆ. ಇದು ಬೇಕಲೈಟ್. ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ರೂಪಿಸಿದ ಈ ಪ್ಲಾಸ್ಟಿಕ್ ಒಮ್ಮೆ ಗಟ್ಟಿಯಾದ ಮೇಲೆ ಎಷ್ಟು ಕಾಯಿಸಿದರೂ ಕರಗುವುದಿಲ್ಲವಾದ್ದರಿಂದ, ಒಡೆದ ಚೂರುಗಳನ್ನು ಕರಗಿಸಿ ಹೊಸದನ್ನು ಹೊಯ್ಯುವಂತಿಲ್ಲ. ಹಾಗಾಗಿ ಉಳಿದ ನಾಬ್‌ನಿಂದ ರಬ್ಬರಿನಂತೆ ಬಾಗುವ ಸಿಲಿಕೋನ್ ಅಚ್ಚು ತೆಗೆದು, ಅದರಲ್ಲಿ ರೆಸಿನ್ (ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಎರಕ ಹೊಯ್ಯುತ್ತಿದ್ದೇನೆ.

ಈ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಕಾಗುವುದು ಮೂಲವಸ್ತುವನ್ನು ಸಿದ್ಧಪಡಿಸುವಾಗ. ಸಿಲಿಕೋನ್ ಏನನ್ನೂ ಬಿಡುವುದಿಲ್ಲ: ಅಂಚಿನ ಗೀರುಗಳ ನಡುವೆ ಕುಳಿತ ಜಿಡ್ಡು, ಮುಖದ ಮೇಲಿನ ಕೂದಲೆಳೆಯಷ್ಟು ಸಣ್ಣ ಗೆರೆ, ಬೆರಳ ಗುರುತು ಕೂಡ ನಕಲಿನಲ್ಲಿ ಹಾಗೆಯೇ ಮೂಡುತ್ತದೆ. ಆದ್ದರಿಂದ ನಾಬ್ ಅನ್ನು ಸೋಪಿನ ನೀರಿನಲ್ಲಿ ಬ್ರಷ್ಷಿನಿಂದ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ, ಹಿಂಬದಿಯ ರಂಧ್ರವನ್ನು ಜೇಡಿಮಣ್ಣಿನಿಂದ ಮುಚ್ಚಿ, ಮುಖ ಮೇಲೆ ಬರುವಂತೆ ಸನ್‌ಬೋರ್ಡ್ ಎಂಬ ಹಗುರ ಪ್ಲಾಸ್ಟಿಕ್ ಹಲಗೆಗೆ ಅಂಟಿಸಿದ್ದೇನೆ. ಸುತ್ತಲೂ ಒಂದು ಸೆಂಟಿಮೀಟರಿನಷ್ಟು ಜಾಗ ಬಿಟ್ಟು ಗೋಡೆ ಕಟ್ಟಿ, ಸಂದುಗಳನ್ನು ಗ್ಲೂ ಗನ್‌ನಿಂದ ಮುಚ್ಚಿದ್ದಾಗಿದೆ.

ಸಿಲಿಕೋನ್‌ನಲ್ಲಿ ಪ್ಲಾಟಿನಂ ಮತ್ತು ಟಿನ್ (ತವರ) ಎಂಬ ಎರಡು ಬಗೆಗಳಿವೆ. ಪ್ಲಾಟಿನಂ ಬಗೆಯದು ಕುಗ್ಗುವುದಿಲ್ಲವೆನ್ನುವಷ್ಟು ಕಡಿಮೆ ಕುಗ್ಗುತ್ತದೆ, ಆದರೆ ಅದಕ್ಕೆ ಗಂಧಕ ಆಗಿಬರುವುದಿಲ್ಲ; ಗಂಧಕವಿರುವ ಕ್ಲೇ ಅಥವಾ ಲೇಟೆಕ್ಸ್ ಕೈಗವಸು ತಗುಲಿದ ಕಡೆ ಅದು ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಈ ನಾಬ್‌ಗೆ ಅಗ್ಗದ ಟಿನ್ ಬಗೆಯೇ ಸಾಕೆಂಬುದು ನನ್ನ ಅಭಿಪ್ರಾಯ. ಅದನ್ನು ಗಟ್ಟಿಗೊಳಿಸುವ ಕ್ಯಾಟಲಿಸ್ಟ್ ಅನ್ನು ಕಣ್ಣಂದಾಜಿನಲ್ಲಿ ಹಾಕದೆ, ಡಬ್ಬದ ಮೇಲಿರುವ ಪ್ರಮಾಣದಂತೆ ತೂಗಿಯೇ ಬೆರೆಸಬೇಕು. ನಂತರ ಪೆಟ್ಟಿಗೆಯ ಒಂದೇ ಮೂಲೆಗೆ, ಎತ್ತರದಿಂದ, ನೂಲಿನಂತೆ ಸುರಿಯಬೇಕು. ಧಾರೆ ತೆಳ್ಳಗಾದಷ್ಟೂ ಒಳಗಿನ ಗುಳ್ಳೆಗಳು ಬೀಳುವಾಗಲೇ ಒಡೆಯುತ್ತವೆ.

ಸಿಲಿಕೋನ್ ಗಟ್ಟಿಯಾದ ಮೇಲೆ ಮೂಲ ನಾಬ್ ಅನ್ನು ಹೊರತೆಗೆದರೆ ಅಚ್ಚು ಸಿದ್ಧ. ಎರಕಕ್ಕೆ ಎಪಾಕ್ಸಿ ಎಂಬ ರೆಸಿನ್ ಆರಿಸಿಕೊಂಡಿದ್ದೇನೆ. ಪಾಲಿಯುರೆಥೇನ್ ರೆಸಿನ್ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ, ನಿಜ. ಆದರೆ ನಮ್ಮ ಮಳೆಗಾಲದ ತೇವ ತಗುಲಿದರೆ ಅದರಲ್ಲಿ ಇಂಗಾಲದ ಡೈಆಕ್ಸೈಡ್ ಹುಟ್ಟಿ ನೊರೆಯೇಳುತ್ತದೆ. ಬೇಗ ಗಟ್ಟಿಯಾಗಲೆಂದು ಎಪಾಕ್ಸಿಗೆ ಹಾರ್ಡನರ್ ಹೆಚ್ಚು ಹಾಕುವವರಿದ್ದಾರೆ. ಹಾಗೆ ಮಾಡಿದರೆ ವಸ್ತು ಮೆತ್ತಗೆ ಉಳಿಯುತ್ತದೆಯೇ ಹೊರತು ಕೆಲಸ ಬೇಗ ಮುಗಿಯುವುದಿಲ್ಲ. ಕಂದು ಬಣ್ಣ ಬೆರೆಸಿದ ರೆಸಿನ್ ಅನ್ನು ಮೊದಲು ಸಣ್ಣ ಕುಂಚದಿಂದ ಗೀರುಗಳೊಳಗೆ ಸವರಿ, ಆಮೇಲೆ ಅಚ್ಚನ್ನು ತುಂಬಿಸುತ್ತಿದ್ದೇನೆ. ಕಿಟಕಿಗಳು ತೆರೆದಿವೆ, ಕೈಗೆ ನೈಟ್ರೈಲ್ ಗವಸು, ಮುಖಕ್ಕೆ ಆವಿ ತಡೆಯುವ ಮಾಸ್ಕ್ ಇದೆ. ಇವಿಲ್ಲದೆ ದಯವಿಟ್ಟು ಈ ಕೆಲಸಕ್ಕೆ ಕೈಹಾಕಬೇಡಿ. ಅಡುಗೆಮನೆಯ ಪಾತ್ರೆಗಳನ್ನಂತೂ ಬಳಸಲೇಬಾರದು.

ಮರುದಿನ ಅಚ್ಚನ್ನು ಹಿಂದಕ್ಕೆ ಬಾಗಿಸಿದರೆ ನಾಬ್ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಬೆನ್ನಿನ ಭಾಗವನ್ನು ನೀರು ಹಾಕಿಕೊಂಡು ಸ್ಯಾಂಡ್‌ಪೇಪರಿನಿಂದ ಉಜ್ಜಿದರೆ ದೂಳು ಏಳುವುದಿಲ್ಲ. ರೇಡಿಯೋದ ಕಡ್ಡಿಯ ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆದು ಅದೇ ಅಳತೆಯ ರಂಧ್ರ ಕೊರೆದರೆ ನಾಬ್ ಕೂರುತ್ತದೆ. ಟಿನ್ ಸಿಲಿಕೋನ್‌ನ ಅಚ್ಚು ವರ್ಷಗಳು ಕಳೆದಂತೆ ಗಡುಸಾಗಿ ಹರಿದುಹೋಗುವುದರಿಂದ, ಅದು ಚೆನ್ನಾಗಿರುವಾಗಲೇ ಇನ್ನೆರಡು ನಾಬ್‌ಗಳನ್ನು ಹೊಯ್ದಿಡುತ್ತೇನೆ.