ಬಿದ್ದ ಮೇಲಿನ ಬದುಕು ಮತ್ತು ದುಡಿಮೆ

ಅಧ್ಯಕ್ಷರೇ, ವೇದಿಕೆಯಲ್ಲಿರುವ ಹಿರಿಯರೇ, ಉಡುಪಿಯ ಆತ್ಮೀಯ ಬಂಧುಗಳೇ,

ಬೆನ್ನುಹುರಿಯ ಪೆಟ್ಟು ನಮ್ಮ ಕರಾವಳಿಗೆ ಹೊಸತಲ್ಲ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಬಿಡಲು, ತೆಂಗಿನಕಾಯಿ ಕೀಳಲು, ಮೂರ್ತೆ ಮಾಡಲು, ಎಂದರೆ ಶೇಂದಿ ಇಳಿಸಲು ಮರ ಹತ್ತಿದವರು ಜಾರಿ ಬಿದ್ದು ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ ಮನೆಗಳು ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿವೆ. ಅಡಿಕೆ ಮರದಿಂದ ಬಿದ್ದ ನಾನೂ ಅಂಥದ್ದೊಂದು ಮನೆಯವನು. ಇಂಥವರು ಮತ್ತೆ ಬದುಕಿಗೊಂದು ಅರ್ಥ ಕಂಡುಕೊಳ್ಳುವುದು ಹೇಗೆಂದು ಕೇಳಿದರೆ ‘ಮನೋಬಲ ಬೇಕು’ ಎನ್ನುತ್ತಾರೆ. ಬೇಕು, ನಿಜ. ಆದರೆ ಮೊದಲು ಶರೀರ ಉಳಿಯಬೇಕು, ಆಮೇಲೆ ಕೈಗೊಂದು ಕೆಲಸ ಸಿಗಬೇಕು. ಮನೋಬಲ ಬಹುಮಟ್ಟಿಗೆ ಇವೆರಡರ ಹಿಂದೆಯೇ ಬರುತ್ತದೆ ಎಂಬುದು ನನ್ನ ಅನುಭವ.

ಎರಡನೆಯ ಮಹಾಯುದ್ಧದವರೆಗೂ ಬೆನ್ನುಹುರಿಗೆ ಪೆಟ್ಟಾದವರಲ್ಲಿ ಹೆಚ್ಚಿನವರು ಬಹುಕಾಲ ಬದುಕುತ್ತಿರಲಿಲ್ಲ. ಅವರ ಪ್ರಾಣ ತೆಗೆಯುತ್ತಿದ್ದುದು ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಅವರು ರೋಗಿಗಳನ್ನು ಹಗಲಿರುಳೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವ ಕ್ರಮವನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದರು. ಹಾಗೆ ಉಳಿದುಕೊಂಡವರಿಗಾಗಿಯೇ ಅವರು 1948ರ ಜುಲೈ 29ರಂದು 16 ಮಂದಿಯ ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದರು. ಇಂದಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ.

ಸಭೆಯಲ್ಲಿ ಹೇಳಲು ಸಂಕೋಚಪಡುವ ಸಂಗತಿಯನ್ನು ಬೇಕೆಂದೇ ಹೇಳುತ್ತೇನೆ, ಏಕೆಂದರೆ ಆ ಸಂಕೋಚದಿಂದಲೇ ಎಷ್ಟೋ ಜನ ನರಳುತ್ತಾರೆ. ನಾನು ದಿನವೂ ಬೆಳಿಗ್ಗೆ ಕೈಗನ್ನಡಿ ಹಿಡಿದು ಪೃಷ್ಠ, ಹಿಮ್ಮಡಿಗಳನ್ನು ನೋಡಿಕೊಳ್ಳುತ್ತೇನೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಬಣ್ಣ ಬಿಳಿಚಿಕೊಳ್ಳದಿದ್ದರೆ ಒಳಗೆ ಹುಣ್ಣು ಶುರುವಾಗಿದೆಯೆಂದೇ ಅರ್ಥ, ಅಂದು ಆ ಜಾಗದ ಮೇಲೆ ಭಾರ ಬೀಳುವಂತಿಲ್ಲ. ಕುಳಿತಿರುವಾಗ ಆಗಾಗ ಎರಡೂ ಕೈ ಊರಿ ಮೈಯನ್ನು ಮೇಲಕ್ಕೆತ್ತಬೇಕು. ನಾಲ್ಕರಿಂದ ಆರು ಗಂಟೆಗೊಮ್ಮೆ ಶುಚಿಯಾದ ನಳಿಕೆಯಿಂದ ಮೂತ್ರ ತೆಗೆಯಬೇಕು. ನೋವೇ ತಿಳಿಯದ ಶರೀರದಲ್ಲಿ ಕಣ್ಣು ಮತ್ತು ಗಡಿಯಾರವೇ ಕಾವಲು. ಇಷ್ಟನ್ನು ಕಲಿಸದೆ ಧೈರ್ಯ ಹೇಳುವುದರಿಂದ ಯಾರೂ ಉಳಿಯುವುದಿಲ್ಲ.

ಇನ್ನು ಕೆಲಸದ ವಿಚಾರ. ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರ ವಾಹನ ಅಪಘಾತದಲ್ಲಿ ಕಾಲುಗಳ ಬಲ ಕಳೆದುಕೊಂಡ ಬಳಿಕ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, ಮುಂದೆ ಪುನರ್ವಸತಿ ವೈದ್ಯಕೀಯವನ್ನೇ ಕಲಿತು ಬಂದು ತಮ್ಮಂಥವರಿಗೆ ದಾರಿ ಮಾಡಿಕೊಟ್ಟರು. ಶೈಶವದಲ್ಲೇ ಜ್ವರದಿಂದ ಪಾರ್ಶ್ವವಾಯುವಿಗೆ ತುತ್ತಾದ, ನಮ್ಮ ಕೋಟ ಮೂಲದ ಪ್ಯಾರಾ ಕ್ರೀಡಾಪಟು ಮಾಲತಿ ಹೊಳ್ಳ ಅವರ ಪದಕಗಳ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಅವರು ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನಲ್ಲಿ ದುಡಿದರು, ಅಂಗವಿಕಲ ಮಕ್ಕಳಿಗಾಗಿ ಮಾತೃ ಫೌಂಡೇಶನ್ ಕಟ್ಟಿದರು ಎಂಬುದು ನನಗೆ ಪದಕಗಳಿಗಿಂತ ಮಿಗಿಲಾಗಿ ಕಾಣುತ್ತದೆ.

ನನಗೆ ಒದಗಿದ್ದು ಔಷಧಿ ಬಿಡುವ ಪಂಪುಗಳ ರಿಪೇರಿ. ಜೋರು ಮಳೆಯ ಆಟಿ ತಿಂಗಳಲ್ಲಿ ಮಳೆ ಹೊಳವಾದ ಒಂದು ಬೆಳಿಗ್ಗೆ ನೆರೆಯ ಕೃಷಿಕರೊಬ್ಬರು ಅಂಗಳದಲ್ಲಿ ನಿಂತು, “ಎಂಥ ಮಾರಾಯ, ಇನ್ನೂ ಆಗಲಿಲ್ವಾ? ಮಳೆ ಪುನಃ ಹಿಡಿದರೆ ನನ್ನ ತೋಟದ ಗತಿ ಏನು?” ಎಂದು ಗದರಿದರು. ಬಿದ್ದಂದಿನಿಂದ ಎಲ್ಲರೂ ನನ್ನೊಡನೆ ಮೆಲುದನಿಯಲ್ಲೇ ಮಾತನಾಡುತ್ತಿದ್ದರು. ನನ್ನಿಂದ ಒಂದು ಕೆಲಸ ಆಗಬೇಕಿದೆ, ಅದು ತಡವಾದರೆ ಇನ್ನೊಬ್ಬರಿಗೆ ನಷ್ಟವಾಗುತ್ತದೆ ಎಂಬುದು ಆ ಗದರಿಕೆಯಿಂದ ಮನದಟ್ಟಾಯಿತು. ಅಂದು ನನಗಾದ ಸಂತೋಷವನ್ನು ಯಾವ ಸಾಂತ್ವನವೂ ಕೊಟ್ಟಿರಲಿಲ್ಲ.

ಕಾನೂನು ನಮ್ಮ ಪರವಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರಕಾರಿ ಉದ್ಯೋಗದಲ್ಲಿ ಕನಿಷ್ಠ ಶೇ. 4ರಷ್ಟು ಮೀಸಲಾತಿ ನೀಡಿದೆ. ಆದರೆ ಅರ್ಜಿ ಕೊಡಬೇಕಾದ ಕಚೇರಿಯ ಬಾಗಿಲಲ್ಲೇ ಮೂರು ಮೆಟ್ಟಿಲುಗಳಿದ್ದರೆ ಆ ಹಕ್ಕು ಅಂಗಳದಲ್ಲೇ ಉಳಿಯುತ್ತದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಕಟ್ಟಿಸಿದರೆ ನಮ್ಮಲ್ಲಿ ಅನೇಕರು ಯಾರ ಸಹಾಯವೂ ಇಲ್ಲದೆ ಒಳಗೆ ಬರಬಲ್ಲೆವು. ಪಂಚಾಯತ್, ಸೊಸೈಟಿ, ದೇವಸ್ಥಾನಗಳ ಆಡಳಿತ ಮಂಡಳಿಯಲ್ಲಿರುವವರು ಈ ಸಭೆಯಲ್ಲಿದ್ದೀರಿ. ಮುಂದಿನ ಮಳೆಗಾಲದೊಳಗೆ ಈ ಕೆಲಸವನ್ನು ಮುಗಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ನಿಮ್ಮ ಊರಿನಲ್ಲಿ ಇತ್ತೀಚೆಗೆ ಬಿದ್ದು ಆಸ್ಪತ್ರೆಯಿಂದ ಮನೆಗೆ ಬಂದವರಿದ್ದರೆ ಸಭೆ ಮುಗಿದ ಮೇಲೆ ನನಗೆ ತಿಳಿಸಿ. ಈ ವಾರವೇ ಅವರ ಮನೆಗೆ ಬಂದು, ಮಗ್ಗುಲು ಬದಲಿಸುವ ಕ್ರಮವನ್ನು ಮನೆಯವರಿಗೆ ತೋರಿಸಿಕೊಡುತ್ತೇನೆ.