ಹದಿನಾರರ ಹುಡುಗನ ಜಿಡ್ಡು ತಲೆಗೆ ಆರೂವರೆ ಸಾವಿರದ ಪ್ಯಾಕೇಜ್ ಬೇಕಿಲ್ಲ

ಈಗ ನೀವು ನೋಡುತ್ತಿರುವ ತಲೆ ನನ್ನ ಅಕ್ಕನ ಮಗನದು. ಹಿಂದಿನಿಂದ ಮಾತ್ರ. ಮುಖ ತೋರಿಸಬಾರದು, ಹೆಸರು ಹೇಳಬಾರದು ಅಂತ ಮೊದಲೇ ಮಾತಾಗಿದೆ. ವಿಡಿಯೋ ಹಾಕುವ ಮುಂಚೆ ಅವನೇ ಪೂರ್ತಿ ನೋಡಿ ಹೂಂ ಅನ್ನಬೇಕು, ಅದೂ ಮಾತಾಗಿದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಸಿ ಬೆಂಗಳೂರು ಬಸವನಗುಡಿಯ ನಮ್ಮ ಮನೆಗೆ ಬಂದಿದ್ದಾನೆ. ಅವರ ಮನೆ ಸರ್ಜಾಪುರ ರಸ್ತೆ ಕಡೆ. ಒಂದೇ ಊರು, ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಬೇಕಲ್ಲ ಅಂತ ಹಬ್ಬಕ್ಕೂ ಬರದೆ ಉಳಿದುಬಿಡುತ್ತಾರೆ.

ಸ್ವಲ್ಪ ಹತ್ತಿರ ಹೋಗೋಣ. ನೋಡಿ, ಕೂದಲು ಎಳೆ ಎಳೆಯಾಗಿ ಅಂಟಿಕೊಂಡಿದೆ. ನಡುವೆ ನೆತ್ತಿ ಕಾಣುತ್ತಿದೆ. ಈಗ ಮಧ್ಯಾಹ್ನ ಎರಡು ಗಂಟೆ. ಬೆಳಿಗ್ಗೆ ತಲೆಗೆ ಸ್ನಾನ ಮಾಡಿದ್ದಾನೆ, ನಾನೇ ಗೀಸರ್ ಹಾಕಿಕೊಟ್ಟೆ. ಆದರೂ ಹೀಗೆ. ನೆಂಟರ ಮನೆ ಮದುವೆಗೆ ಹೋದರೆ ಹತ್ತು ಜನ ಕೇಳುತ್ತಾರೆ, "ಯಾಕೋ, ಸ್ನಾನ ಮಾಡಲ್ವೇನೋ?" ಟ್ಯೂಷನ್‌ನಲ್ಲಿ "ಎಣ್ಣೆ ಡಬ್ಬಿ" ಅಂತ ಹೆಸರಿಟ್ಟಿದ್ದಾರೆ. ಅದಕ್ಕೇ ಈ ಏಪ್ರಿಲ್ ಬಿಸಿಲಲ್ಲೂ ಟೋಪಿ ಇರುವ ಜಾಕೆಟ್ ಬಿಡುವುದಿಲ್ಲ. ಅದರಿಂದ ತಲೆ ಇನ್ನೂ ಬೆವರುತ್ತದೆ.

ಇದು ಕೊಳಕಲ್ಲ. ಇದು ವಯಸ್ಸು. ಈ ವಯಸ್ಸಿಗೆ ಆಂಡ್ರೋಜನ್ ಹಾರ್ಮೋನು ಏರುತ್ತದೆ, ಹುಡುಗರಿಗೂ ಹುಡುಗಿಯರಿಗೂ. ಪ್ರತಿ ಕೂದಲಿನ ಬುಡದ ಪಕ್ಕ ಒಂದು ಪುಟ್ಟ ಎಣ್ಣೆ ಗ್ರಂಥಿ ಇರುತ್ತದೆ. ಹಾರ್ಮೋನು ಏರಿದಾಗ ಅದು ಸೀಬಮ್ ಅನ್ನುವ ಜಿಡ್ಡನ್ನು ಜಾಸ್ತಿ ಬಿಡುತ್ತದೆ. ಮುಖಕ್ಕೆ ಮೊಡವೆ ಬರುವುದೂ ಇದೇ ಕಾಲದಲ್ಲಿ, ಇದೇ ಕಾರಣಕ್ಕೆ. ಇವನದು ನೆಟ್ಟಗಿನ, ತೆಳು ಕೂದಲು. ಅಂಥ ಕೂದಲಲ್ಲಿ ಜಿಡ್ಡು ಬುಡದಿಂದ ತುದಿಗೆ ಬೇಗ ಇಳಿಯುತ್ತದೆ. ಗುಂಗುರು ಕೂದಲಿನವರಿಗೂ ಇಷ್ಟೇ ಜಿಡ್ಡು ಇರಬಹುದು, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ದಯವಿಟ್ಟು ಮಕ್ಕಳನ್ನು ನಾಲ್ಕು ಜನರ ಮುಂದೆ ಕೇಳಬೇಡಿ.

ಈ ಶಾಟ್ ಆಟೋದಲ್ಲಿ ತೆಗೆದಿದ್ದು. ಹೋಗುತ್ತಿರುವುದು ಒಂದು ಮಾಲ್ ಒಳಗಿನ ಸಲೂನ್‌ಗೆ. ಹೆಸರು ಹೇಳುವುದಿಲ್ಲ, ಒಳಗೆ ಶೂಟ್ ಮಾಡಲು ಬಿಡಲೂ ಇಲ್ಲ. ಅದಕ್ಕೆ ಈಗ ನಿಮಗೆ ಜಯನಗರದ ಮರಗಳೇ ಕಾಣುತ್ತಿವೆ. ನಾನು ಆಗಿದ್ದನ್ನು ಹೇಳುತ್ತೇನೆ, ನೀವು ಮರ ನೋಡುತ್ತಾ ಕೇಳಿ.

ಪಿಯುಸಿಗೆ ಹೊಸ ಕಾಲೇಜು, ಚೆನ್ನಾಗಿ ಒಂದು ಕಟಿಂಗ್ ಮಾಡಿಸೋಣ ಅಂತ ಕರೆದುಕೊಂಡು ಹೋಗಿದ್ದೆ. ಕಟಿಂಗ್‌ಗೆ ನಾಲ್ಕುನೂರೈವತ್ತು. ಸರಿ, ರೇಟು ಜಾಸ್ತಿ, ಆದರೂ ಸರಿ. ಕೂತ ತಕ್ಷಣ ಅಲ್ಲಿನ ಹುಡುಗ ಪೆನ್ ಥರದ ಒಂದು ಕ್ಯಾಮೆರಾ ತಂದು ಇವನ ನೆತ್ತಿಗೆ ಒತ್ತಿದ. ಎದುರಿಗಿದ್ದ ಟಿವಿಯಲ್ಲಿ ನೆತ್ತಿ ದೊಡ್ಡದಾಗಿ ಬಂತು. ಅಷ್ಟು ದೊಡ್ಡದು ಮಾಡಿದರೆ ಯಾರ ನೆತ್ತಿಯೂ ಚೆಂದ ಕಾಣುವುದಿಲ್ಲ. "ನೋಡಿ ಮೇಡಂ, ರಂಧ್ರ ಎಲ್ಲಾ ಬ್ಲಾಕ್ ಆಗಿದೆ. ಈಗಲೇ ಡಿಟಾಕ್ಸ್ ಮಾಡಿಸದಿದ್ದರೆ ಇಪ್ಪತ್ತು ದಾಟುವಷ್ಟರಲ್ಲಿ ಕೂದಲು ಹೋಗುತ್ತೆ." ನಾಲ್ಕು ಸಿಟ್ಟಿಂಗ್, ಆರೂವರೆ ಸಾವಿರ. ಇವತ್ತೇ ಬುಕ್ ಮಾಡಿದರೆ ಐನೂರು ಕಮ್ಮಿ.

ದುಡ್ಡಿನ ಮಾತು ಬಿಡಿ. ನಾನು ಕನ್ನಡಿಯಲ್ಲಿ ಹುಡುಗನ ಮುಖ ನೋಡುತ್ತಿದ್ದೆ. ಬಟ್ಟೆ ಹೊದಿಸಿದ್ದರು, ಅದರೊಳಗೆ ಎರಡೂ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದು ಗೊತ್ತಾಗುತ್ತಿತ್ತು. ಕಣ್ಣು ಆ ಟಿವಿಯನ್ನು ಬಿಟ್ಟು ಅಲುಗಾಡಲಿಲ್ಲ. ಬೇಡ ಅಂದೆ. "ತಾಯಿಯಾಗಿ ನೀವು ಯೋಚನೆ ಮಾಡಬೇಕು" ಅಂದ. ನಾನು ತಾಯಿ ಅಲ್ಲ, ಚಿಕ್ಕಮ್ಮ, ಅದಕ್ಕೇ ಇನ್ನೂ ಜಾಸ್ತಿ ಯೋಚನೆ ಮಾಡುತ್ತೇನೆ ಅಂದೆ. ಕಟಿಂಗ್ ಕೂಡ ಬೇಡ ಅಂತ ಎದ್ದು ಬಂದೆವು. ವಾಪಸ್ ಬರುವಾಗ ಸೌತ್ ಎಂಡ್ ಸರ್ಕಲ್ ಸಿಗ್ನಲ್‌ನಲ್ಲಿ ಆಟೋ ನಿಂತಾಗ ಮೆಲ್ಲಗೆ ಕೇಳಿದ, "ಚಿಕ್ಕಮ್ಮ, ನಂಗೆ ಬೋಳಾಗುತ್ತಾ?"

ನಂಗೆ ಬಂದ ಸಿಟ್ಟು ಹೇಳತೀರದು. ತಲೆ ಜಿಡ್ಡಾಗಿದೆ ಅಂದ ಮಾತ್ರಕ್ಕೆ ಯಾರೂ ಬೋಳಾಗುವುದಿಲ್ಲ. ಆರೋಗ್ಯವಾಗಿರುವವರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತದೆ, ನೆತ್ತಿಯಲ್ಲಿರುವುದು ಸುಮಾರು ಒಂದು ಲಕ್ಷ. ತೊಳೆಯುವಾಗ ಕೈಗೆ ಬರುವುದು ಮೊದಲೇ ಬುಡ ಬಿಟ್ಟಿರುವ ಕೂದಲು. ಇಷ್ಟನ್ನು ಹೇಳಿದರೆ ಹುಡುಗನಿಗೆ ಧೈರ್ಯ ಬರುತ್ತದೆ. ಹೇಳದೆ ಪ್ಯಾಕೇಜ್ ಮಾರುತ್ತಾರಲ್ಲ, ಮಕ್ಕಳನ್ನು ಹೆದರಿಸಿ ಮಾಡುವ ವ್ಯಾಪಾರ ವ್ಯಾಪಾರವೇ ಅಲ್ಲ.

ಇದು ನಮ್ಮ ಬೀದಿಯ ಕಟಿಂಗ್ ಶಾಪ್. ನೂರೈವತ್ತು ರೂಪಾಯಿ. ಹಣೆ ಮೇಲೆ ಬೀಳುತ್ತಿದ್ದ ಕೂದಲನ್ನು ಸ್ವಲ್ಪ ಗಿಡ್ಡ ಮಾಡಿಸಿದೆವು. ಹಣೆಯ ಜಿಡ್ಡೂ ಕೂದಲಿಗೆ ಅಂಟುತ್ತದೆ, ಕೂದಲಿನ ಎಣ್ಣೆ ಹಣೆಗೆ ಇಳಿದು ಅಲ್ಲೇ ಸಾಲಾಗಿ ಸಣ್ಣ ಗುಳ್ಳೆ ಏಳುತ್ತವೆ. ಇವನಿಗೂ ಇವೆ. ಅವು ತೋರಿಸುವುದಿಲ್ಲ, ಮಾತಾಗಿದೆ.

ಈಗ ಮುಖ್ಯವಾದ ವಿಷಯ. ತಲೆಗೆ ಏನು ಹಾಕುತ್ತೀಯೋ ಅಂತ ಕೇಳಿದೆ. "ಸೋಪು." ಮೈಗೆ ಹಚ್ಚುವ ಅದೇ ಸೋಪು! ತಲೆಗೆ ಎರಡು ಸಲ ಉಜ್ಜಿ, ಎರಡು ಚೊಂಬು ನೀರು ಸುರಿದುಕೊಂಡು ಬಂದುಬಿಡುತ್ತಾನಂತೆ. ಅದೂ ಅವರ ಅಪಾರ್ಟ್‌ಮೆಂಟಿನಲ್ಲಿ, ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಲ್ಲಿ.

ಬಾಟಲಿ ಶಾಟ್ ನೋಡಿ. ಎಡಗಡೆ ನಮ್ಮ ಮನೆಯ ಕಾವೇರಿ ನೀರು. ಬಲಗಡೆ ಅಕ್ಕನ ಮನೆಯಿಂದ ಕ್ಯಾನಲ್ಲಿ ತರಿಸಿದ ನೀರು. ಎರಡಕ್ಕೂ ಅಷ್ಟಷ್ಟೇ ಸೋಪು ತುರಿದು ಹಾಕಿ, ಮುಚ್ಚಳ ಹಾಕಿ ಕುಲುಕಿದ. ಎಡಗಡೆ ಬಾಟಲಿಯ ಕುತ್ತಿಗೆವರೆಗೆ ನೊರೆ. ಬಲಗಡೆ ನೊರೆ ಹೆಸರಿಗೆ ಮಾತ್ರ, ನೀರೆಲ್ಲ ಒಡೆದ ಹಾಲಿನ ಥರ ಆಗಿದೆ. ಮೇಲೆ ತೇಲುತ್ತಿದೆಯಲ್ಲ ಬಿಳಿ ಬಿಳಿ ಚೂರು, ಅದೇ ಇವನ ತಲೆ ಮೇಲೂ ಕೂರುತ್ತಿತ್ತು. ಗಡಸು ನೀರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ನೀರಲ್ಲಿ ಕರಗದ ಕಲ್ಮಷ ಆಗುತ್ತದೆ. ಅದು ಕೂದಲಿಗೆ ಮೆತ್ತಿಕೊಳ್ಳುತ್ತದೆ. ಮುಟ್ಟಿದರೆ ಅಂಟು, ನೋಡಿದರೆ ಜಿಡ್ಡು. ಇದು ಹತ್ತನೇ ಕ್ಲಾಸಿನ ಪಾಠದಲ್ಲೇ ಇದೆ, ಕಾರ್ಬನ್ ಮತ್ತು ಅದರ ಸಂಯುಕ್ತಗಳು ಅನ್ನುವ ಅಧ್ಯಾಯ. ಸೋಪಿನ ಅಣುಗಳು ಜಿಡ್ಡನ್ನು ಸುತ್ತುವರಿಯುವ ಮೈಸೆಲ್ ಚಿತ್ರ ಬರೆದು ಭಾಗ ಗುರುತಿಸಿ ಬಂದಿದ್ದಾನೆ ಈ ಹುಡುಗ! ಬಾಟಲಿ ಹಿಡಿದುಕೊಂಡು ಅವನೇ ಹೇಳಿದ, "ಚಿಕ್ಕಮ್ಮ, ಇದು ಸ್ಕಮ್." ಸ್ಕಮ್ ಅಂದರೆ ಇದೇ ಕಲ್ಮಷ. ಆ ದನಿಯಲ್ಲಿ ಬಂದ ಖುಷಿ ಇದೆಯಲ್ಲ, ಅದಕ್ಕೇ ಈ ಕ್ಲಿಪ್ ಕಟ್ ಮಾಡದೆ ಇಟ್ಟಿದ್ದೇನೆ.

ನೀರಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಬಸವನಗುಡಿಯವರು ನಾವು ನಲ್ಲಿ ತಿರುಗಿಸಿದರೆ ಕಾವೇರಿ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬರುತ್ತದೆ. ಅಕ್ಕನವರಿಗೆ ಎಷ್ಟೋ ವರ್ಷ ಟ್ಯಾಂಕರೇ ಗತಿ. 2024ರ ಬೇಸಿಗೆ ನೆನಪಿದೆಯಾ? ಟ್ಯಾಂಕರ್ ರೇಟಿಗೆ ಜಿಲ್ಲಾಡಳಿತವೇ ಮಿತಿ ಹಾಕಬೇಕಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಯಿತು, ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗೆ ಅಂತ. ಅಕ್ಕನ ಅಪಾರ್ಟ್‌ಮೆಂಟ್‌ನವರು ಇನ್ನೂ ಕಾಯುತ್ತಿದ್ದಾರೆ. ನೀರು ಉಳಿಸು ಉಳಿಸು ಅಂತ ಹೇಳಿ ಹೇಳಿ ಬೆಳೆಸಿದ ಹುಡುಗ ಎರಡೇ ಚೊಂಬಲ್ಲಿ ತಲೆ ತೊಳೆದರೆ ಅವನನ್ನು ಹೇಗೆ ಬೈಯುವುದು?

ಸರಿ, ಶಾಟ್ ಮುಗಿಯುತ್ತಿದೆ, ಅಂಗಡಿಗೆ ಬಂದೆವು. ಸಾದಾ ಶಾಂಪೂ, ಜಿಡ್ಡು ಕೂದಲಿಗೆ ಅಂತ ಬರೆದಿರುವುದು. ಶಾಂಪೂ ಗಡಸು ನೀರಲ್ಲೂ ಸೋಪಿನಂತೆ ಕಲ್ಮಷ ಕಟ್ಟುವುದಿಲ್ಲ, ಅದಕ್ಕೇ ಶಾಂಪೂ. ಮುತ್ತಿನ ಬಣ್ಣದ, ದಪ್ಪ ಕ್ರೀಮಿನಂಥದ್ದು ಇವನಿಗೆ ಬೇಡ, ನೀರು ನೀರಾಗಿ ತಿಳಿಯಾಗಿ ಕಾಣುವುದು ಸಾಕು. ದೊಡ್ಡ ಬಾಟಲಿ ಬೇಡ, ಮೊದಲು ಒಂದೆರಡು ಸ್ಯಾಷೆ ತಂದು ನೋಡಿ. ಎಂಆರ್‌ಪಿ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಶಾಂಪೂ ಮೇಲಿನ ಜಿಎಸ್‌ಟಿ 18ರಿಂದ 5 ಪರ್ಸೆಂಟಿಗೆ ಇಳಿದಿದೆ.

ತಲೆ ಒದ್ದೆ ಮಾಡುವುದನ್ನು ಓಡಿಸಿಬಿಡುತ್ತೇನೆ. ಇಲ್ಲಿ ನಿಲ್ಲಿಸಿ. ಕೈ ನೋಡಿ. ಶಾಂಪೂವನ್ನು ಮೊದಲು ಅಂಗೈಯಲ್ಲಿ ನೀರು ಬೆರೆಸಿ ಉಜ್ಜಿಕೊಂಡ. ಆಮೇಲೆ ಬೆರಳ ತುದಿಯಿಂದ ನೆತ್ತಿಗೆ, ಕೂದಲಿಗಲ್ಲ. ಉಗುರು ತಾಗಿಸಬಾರದು. ಕಿವಿಯ ಹಿಂದೆ, ಕತ್ತಿನ ಮೇಲೆ, ಈ ಎರಡು ಜಾಗ ಎಲ್ಲರೂ ಬಿಡುತ್ತಾರೆ. ಜಿಡ್ಡು ಬರುವುದು ಬುಡದಲ್ಲಿ, ತುದಿಗೆ ಇಳಿಯುವ ನೊರೆಯೇ ತುದಿಗೆ ಸಾಕು. ಮೊದಲ ಸಲ ನೊರೆ ಬರಲಿಲ್ಲ ಅಂದರೆ ಜಿಡ್ಡು ಇನ್ನೂ ಇದೆ ಅಂತ, ಇನ್ನೊಂದು ಸಲ ಸ್ವಲ್ಪ ಹಾಕಿ. ಆಮೇಲೆ ನೀರು. ನೀರಲ್ಲಿ ಮಾತ್ರ ಜಿಪುಣತನ ಬೇಡ. ಕೂದಲನ್ನು ಬೆರಳಲ್ಲಿ ಹಿಡಿದು ಎಳೆದರೆ ಜಾರಬಾರದು, ಕಿರ್ ಅನ್ನಬೇಕು, ಅಲ್ಲಿವರೆಗೆ. ಕಂಡೀಷನರ್ ಗಿಡ್ಡ ಕೂದಲಿನ ಹುಡುಗನಿಗೆ ಬೇಕಿಲ್ಲ. ಉದ್ದ ಕೂದಲಿನ ಹುಡುಗಿಯರು ಕಿವಿಯಿಂದ ಕೆಳಗೆ ಮಾತ್ರ ಹಚ್ಚಿ, ನೆತ್ತಿಗೆ ತಾಗಿಸಬೇಡಿ.

ದಿನಾ ತೊಳೆಯಬಹುದಾ? ಇಷ್ಟು ಜಿಡ್ಡಿದ್ದರೆ ತೊಳೆಯಬಹುದು. ದಿನಾ ತೊಳೆದರೆ ಗ್ರಂಥಿ ಇನ್ನೂ ಜಾಸ್ತಿ ಎಣ್ಣೆ ಬಿಡುತ್ತದೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ, ನಂಬಬೇಡಿ. ಗ್ರಂಥಿಗೆ ಅಪ್ಪಣೆ ಕೊಡುವುದು ಹಾರ್ಮೋನು, ನಿಮ್ಮ ಬಕೆಟ್ ಅಲ್ಲ. ಒಣಗಿ ತುರಿಸಿದರೆ ಒಂದು ದಿನ ಬಿಟ್ಟು ಒಂದು ದಿನ ಮಾಡಿ.

ಈಗ ಅಡುಗೆಮನೆ ಬಾಗಿಲಲ್ಲಿ ಕಾಣುತ್ತಿರುವುದು ನಮ್ಮ ಅಮ್ಮ, ಕೈಯಲ್ಲಿ ಕೊಬ್ಬರಿ ಎಣ್ಣೆ. "ತಲೆಗೆ ಎಣ್ಣೆ ಇಲ್ದೆ ಮಗು ಹೊರಗೆ ಹೋಗೋದಾ? ಕಣ್ಣು ಉರಿಯಲ್ವೇನೇ?" ಅಂತ ಇಲ್ಲಿಗೆ ಬಂದಾಗಿನಿಂದ ದಿನಾ ಬೆಳಿಗ್ಗೆ ಸ್ನಾನ ಆದಮೇಲೆ ನೆತ್ತಿಗೆ ಬಡಿದು ಕಳಿಸುತ್ತಿದ್ದರು. ಮೊದಲು ತೋರಿಸಿದ ಜಿಡ್ಡಿನಲ್ಲಿ ಈ ಎಣ್ಣೆಯ ಪಾಲೂ ಇತ್ತು. ಇವನಿಗೂ ಅಜ್ಜಿಯ ಕೈ ಇಷ್ಟ. ನಾನು ಖಂಡಿತ ಬೇಡ ಅಂದೆ. ಮೊದಲೇ ಜಿಡ್ಡು, ಅದರ ಮೇಲೆ ಎಣ್ಣೆ ಯಾಕೆ? ಆದರೆ ಅಮ್ಮನ ಮುಖ ನೋಡಿ ಒಂದು ದಾರಿ ಹುಡುಕಿದೆವು. ಭಾನುವಾರ, ಸ್ನಾನಕ್ಕೆ ಅರ್ಧ ಗಂಟೆ ಮುಂಚೆ, ಸ್ವಲ್ಪವೇ, ಆಮೇಲೆ ಚೆನ್ನಾಗಿ ತೊಳೆಯುವುದು. ಅಜ್ಜಿ ತಟ್ಟಿದ ಹಾಗೂ ಆಯಿತು, ಸೋಮವಾರ ತಲೆ ಹಗುರವಾಗಿಯೂ ಇರುತ್ತದೆ. ಹೊಟ್ಟು ಇದ್ದರೆ ಮಾತ್ರ ಅದೂ ಬೇಡ. ಹೊಟ್ಟಿನ ಹಿಂದಿರುವ ಮಲಾಸೀಜಿಯಾ ಅನ್ನುವ ಶಿಲೀಂಧ್ರಕ್ಕೆ ಜಿಡ್ಡೇ ಊಟ.

ಸೀಗೆಕಾಯಿ ಬಗ್ಗೆ ಶೂಟಿಂಗ್ ದಿನ ಜೋರಾಗಿ ಮಾತಾಡಿದ್ದೆ, ಅದು ಉದ್ದ ಕೂದಲಿಗೇ ಸರಿ, ಹುಡುಗರಿಗೆ ಆಗಲ್ಲ ಅಂತ. ಆಮೇಲೆ ಅಮ್ಮ ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಿಂದ ಪುಡಿ ತಂದು, ಜರಡಿ ಹಿಡಿದು, ಬಿಸಿನೀರಲ್ಲಿ ಕಲಸಿ ಭಾನುವಾರ ಹಾಕಿದರು. ಚೆನ್ನಾಗಿಯೇ ಹೋಯಿತು ಜಿಡ್ಡು. ಸೀಗೆಕಾಯಿಯಲ್ಲೂ ಅಂಟುವಾಳದಲ್ಲೂ ಸಪೋನಿನ್ ಇರುತ್ತದೆ, ನೊರೆ ಬರಿಸಿ ಜಿಡ್ಡು ತೆಗೆಯುವುದು ಅದೇ. ಹಾಗಾಗಿ ಈಗ ಹೇಳುತ್ತೇನೆ, ಹಾಕಿ. ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿಕೊಳ್ಳಬೇಕು. ದಿನಾ ಕಾಲೇಜಿಗೆ ಓಡುವ ಹುಡುಗನಿಗೆ ಶಾಂಪೂವೇ ಅನುಕೂಲ.

ದಿಂಬಿನ ಕವರ್ ಬದಲಾಯಿಸುವುದು, ಬಾಚಣಿಗೆ ತೊಳೆಯುವುದು, ಇವು ಕಾಣುತ್ತಲೇ ಇವೆ. ಬಾಚಣಿಗೆಯನ್ನು ಮಾತ್ರ ಹತ್ತಿರದಿಂದ ತೋರಿಸಿದ್ದೇನೆ, ಹಲ್ಲುಗಳ ಬುಡದಲ್ಲಿ ಬೂದು ಬಣ್ಣದ ಮೇಣ ಕಟ್ಟಿದೆ. ಅದನ್ನೇ ತೊಳೆದ ತಲೆಗೆ ದಿನಾ ವಾಪಸ್ ಹಚ್ಚಿದಂತೆ ಆಗುತ್ತಿತ್ತು.

ಇಷ್ಟೆಲ್ಲ ಮಾಡಿಯೂ ಹಳದಿ ಬಣ್ಣದ ಅಂಟಂಟು ಹೊಟ್ಟು, ಕೆಂಪು, ತುರಿಕೆ ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಸಾಮಾನ್ಯವಾಗಿ ಕೀಟೋಕೊನಜೋಲ್ ಶಾಂಪೂ ಬರೆದುಕೊಡುತ್ತಾರೆ. ಅದನ್ನು ಹಚ್ಚಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು, ಹಚ್ಚಿದ ಕೂಡಲೇ ತೊಳೆದರೆ ಔಷಧಿ ಕೆಲಸ ಮಾಡುವುದಿಲ್ಲ. ಹುಡುಗಿಯರಿಗೆ ಜಿಡ್ಡು, ಮೊಡವೆ ಜೊತೆಗೆ ಮುಟ್ಟು ಏರುಪೇರಾಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ನಾಚಿಕೆ ಬೇಡ.

ಕೆಳಗೆ ಹಾರ್ನ್ ಕೇಳಿಸಿತಲ್ಲ, ಅಕ್ಕ ಬಂದರು, ಹುಡುಗನ ಬ್ಯಾಗು ರೆಡಿ. ಬೇಗ ಒಂದು ಮಾತು. ಟ್ಯಾಂಕರ್ ನೀರಿನ ಮನೆಯವರು ಆರ್‌ಒ ಫಿಲ್ಟರಿನ ಪೈಪಿಂದ ಹೊರಬರುವ ನೀರನ್ನು ಬಕೆಟ್ ತುಂಬಿಸಿ ಇಡುತ್ತೀರಲ್ಲ, ಅಕ್ಕನೂ ಇಡುತ್ತಾರೆ, ಒಳ್ಳೆಯದು. ಆದರೆ ಅದನ್ನು ತಲೆಗೆ ಹಾಕಬೇಡಿ. ಫಿಲ್ಟರ್ ತೆಗೆದ ಉಪ್ಪಿನಂಶವೆಲ್ಲ ಅದರಲ್ಲೇ ಸೇರಿರುತ್ತದೆ, ನಲ್ಲಿ ನೀರಿಗಿಂತಲೂ ಗಡಸು. ನೆಲ ಒರೆಸಿ, ಪಾಯಿಖಾನೆಗೆ ಹಾಕಿ. ತಲೆಗೆ ಶಾಂಪೂ ಹಾಕಿ ನಲ್ಲಿ ನೀರಲ್ಲೇ ಚೆನ್ನಾಗಿ ತೊಳೆಯಿರಿ, ಎರಡು ಚೊಂಬಲ್ಲ, ಬೇಕಾದಷ್ಟು. ಅಕ್ಕನಿಗೂ ಇದನ್ನೇ ಹೇಳಲು ಕೆಳಗೆ ಇಳಿಯುತ್ತಿದ್ದೇನೆ.