ಒಂದೇ ಉಸಿರಿನ ಪದಗಳು

ಕೇಳುಗರಿಗೆ ನಮಸ್ಕಾರ.

ಒಂದು ಪದ ಹೇಳುತ್ತೇನೆ, ಕೇಳಿ. ರಿಂಡ್‌ಫ್ಲೈಶ್‌ಎಟಿಕೆಟೀರುಂಗ್ಸ್‌ಊಬರ್‌ವಾಖುಂಗ್ಸ್‌ಔಫ್‌ಗಾಬೆನ್‌ಊಬರ್‌ಟ್ರಾಗುಂಗ್ಸ್‌ಗೆಸೆಟ್ಸ್. ಇದು ಒಂದೇ ಪದ. ಜರ್ಮನ್ ಬರಹದಲ್ಲಿ 63 ಅಕ್ಷರ, ನಡುವೆ ಎಲ್ಲೂ ಜಾಗ ಬಿಡುವಂತಿಲ್ಲ.

1990ರ ದಶಕದಲ್ಲಿ ಯುರೋಪಿನಲ್ಲಿ ಹುಚ್ಚು ಹಸು ರೋಗದ ಭೀತಿ ಹಬ್ಬಿತ್ತು. ಮಾರಾಟದ ಮಾಂಸ ಎಲ್ಲಿಂದ ಬಂದದ್ದು ಎಂದು ಚೀಟಿ ಅಂಟಿಸಬೇಕಾಯಿತು. ಚೀಟಿ ಸರಿಯಿದೆಯೇ ಎಂದು ತಪಾಸಣೆ ಮಾಡುವವರು ಯಾರು? ಆ ಹೊಣೆಯನ್ನು ವಹಿಸಿಕೊಡಲು ಜರ್ಮನಿಯ ಮೆಕ್ಲೆನ್‌ಬುರ್ಗ್-ಫೋರ್ಪೊಮ್ಮೆರ್ನ್ ರಾಜ್ಯ 1999ರಲ್ಲಿ ಕಾನೂನು ತಂದಿತು. ಆ ಕಾನೂನಿನ ಹೆಸರೇ ಈ ಪದ. ಬಿಡಿಸಿ ನೋಡಿ: ದನ, ಮಾಂಸ, ಚೀಟಿ, ತಪಾಸಣೆ, ಹೊಣೆ, ವಹಿಸಿಕೊಡುವುದು, ಕಾನೂನು. ದನದ ಮಾಂಸದ ಚೀಟಿಯ ತಪಾಸಣೆಯ ಹೊಣೆಯನ್ನು ವಹಿಸಿಕೊಡುವ ಕಾನೂನು ಎಂದು ಕನ್ನಡದಲ್ಲಿ ನಾವು ಹೇಳುವುದೂ ಇದೇ ಸಾಲಿನಲ್ಲಿ! ನಾವು ವಿಭಕ್ತಿ ಹಚ್ಚಿ ಬಿಡಿಬಿಡಿಯಾಗಿ ಇಡುತ್ತೇವೆ, ಅವರು ಸಮಾಸ ಮಾಡಿ ಬೆಸೆಯುತ್ತಾರೆ. 2013ರಲ್ಲಿ ಕಾನೂನು ರದ್ದಾಯಿತು, ಪದದ ಕೆಲಸವೂ ಮುಗಿಯಿತು. ಬೇಕಾದಷ್ಟು ದಿನ ದುಡಿದು ಹೋದ ಆ ಪದದ ಮೇಲೆ ನನಗೆ ಗೌರವವಿದೆ.

ಎಲ್ಲ ಉದ್ದ ಪದಗಳೂ ಹೀಗೆ ಅಗತ್ಯಕ್ಕೆ ಹುಟ್ಟಿದವಲ್ಲ. ವೇಲ್ಸ್‌ನ ಒಂದು ಊರಿಗೆ 19ನೇ ಶತಮಾನದಲ್ಲಿ 58 ಅಕ್ಷರದ ಹೆಸರು ಕಟ್ಟಿದ್ದು ರೈಲಿನಲ್ಲಿ ಬರುವವರನ್ನು ಸೆಳೆಯಲು. ಇಂಗ್ಲಿಷ್ ನಿಘಂಟಿನಲ್ಲಿ 45 ಅಕ್ಷರದ ಇನ್ನೊಂದಿದೆ: ನ್ಯೂಮೊನೊಅಲ್ಟ್ರಾಮೈಕ್ರೊಸ್ಕೋಪಿಕ್‌ಸಿಲಿಕೊವೋಲ್ಕೆನೊಕೋನಿಯೋಸಿಸ್. 1935ರಲ್ಲಿ ಅಮೆರಿಕದ ಒಗಟುಪ್ರಿಯರ ಸಂಘದ ಅಧ್ಯಕ್ಷ ಎವೆರೆಟ್ ಸ್ಮಿತ್, ಅತಿ ಉದ್ದದ ಪದ ಆಗಲೆಂದೇ ಇದನ್ನು ಹೆಣೆದರು. ಜ್ವಾಲಾಮುಖಿಯ ಅತಿಸೂಕ್ಷ್ಮ ಸಿಲಿಕಾ ದೂಳಿನಿಂದ ಶ್ವಾಸಕೋಶಕ್ಕೆ ಬರುವ ಕಾಯಿಲೆ ಎಂದು ಅರ್ಥ. ವೈದ್ಯರಿಗೆ ಸಿಲಿಕೋಸಿಸ್ ಎಂಬ ಗಿಡ್ಡ ಪದ ಆಗಲೇ ಇತ್ತು.

ಅದಕ್ಕೆ ಕೆಲವೇ ವರ್ಷ ಮೊದಲು, 1930-31ರಲ್ಲಿ, ಅದೇ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಹಾಕ್ಸ್ ನೆಸ್ಟ್ ಸುರಂಗ ತೋಡಿದರು. ಸಿಲಿಕಾ ತುಂಬಿದ ಬಂಡೆ. ಮುಖಕ್ಕೆ ರಕ್ಷಣೆಯಿಲ್ಲದೆ ಕೊರೆದ ಕೂಲಿಗಳಲ್ಲಿ ನೂರಾರು ಮಂದಿ ದೂಳು ಕುಡಿದು ಸತ್ತರು. ಅವರಲ್ಲಿ ಹೆಚ್ಚಿನವರು ಕೆಲಸ ಅರಸಿ ಬಂದ ಆಫ್ರಿಕನ್ ಅಮೆರಿಕನ್ನರು. ಆ 45 ಅಕ್ಷರ ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ನೆನಪಾಗುವುದು ಆ ಸುರಂಗವೇ, ಒಗಟಲ್ಲ.

ಅಕ್ಷರ ಎಣಿಸುವುದು ನಮ್ಮ ಅಚ್ಚಿನ ಕಾಲದ ಅಭ್ಯಾಸ ಎಂದೂ ನನಗೆ ಅನಿಸುತ್ತದೆ. ಕ್ರಿ.ಪೂ. 391ರ ಸುಮಾರಿಗೆ ಅಥೆನ್ಸಿನ ಅರಿಸ್ಟೋಫನೀಸ್ ಒಂದು ಹಾಸ್ಯನಾಟಕದ ಕೊನೆಯಲ್ಲಿ, ಹತ್ತಾರು ಪದಾರ್ಥ ಸೇರಿದ ಒಂದು ಭಕ್ಷ್ಯದ ಹೆಸರನ್ನು ಒಂದೇ ಪದವಾಗಿ ಹೇಳಿಸಿದ. 170ಕ್ಕೂ ಹೆಚ್ಚು ಅಕ್ಷರ. ಆಗಿನ ಗ್ರೀಕ್ ಬರವಣಿಗೆಯಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ನಮ್ಮ ಹಳೆಯ ಶಾಸನ, ತಾಳೆಗರಿಗಳಲ್ಲೂ ಹಾಗೆಯೇ. ಸಾಲೆಲ್ಲ ಕಣ್ಣಿಗೆ ಒಂದೇ ಸರಪಳಿ. ಪದದ ಉದ್ದ ತಿಳಿಯುತ್ತಿದ್ದುದು ಕಿವಿಗೆ, ಹೇಳುವವರ ಉಸಿರಿಗೆ.

ಆದ್ದರಿಂದಲೇ ತಿರುಮಲಾಂಬೆಯ ಪದವನ್ನು ಬಾನುಲಿಗೆಂದು ಎತ್ತಿಟ್ಟುಕೊಂಡಿದ್ದೆ. 16ನೇ ಶತಮಾನ, ವಿಜಯನಗರದ ಅಚ್ಯುತದೇವರಾಯನ ಆಸ್ಥಾನ. ಆಕೆ ಸಂಸ್ಕೃತದಲ್ಲಿ ಬರೆದ ವರದಾಂಬಿಕಾ ಪರಿಣಯ ಚಂಪುವಿನಲ್ಲಿ, ಕಂಚಿಯ ಸುತ್ತಲ ನಾಡನ್ನು ವರ್ಣಿಸುವ ಒಂದು ಸಮಾಸಪದವಿದೆ. 195 ಅಕ್ಷರ. ಗಿನ್ನೆಸ್ ದಾಖಲೆಗೂ ಸೇರಿದೆ. ಸೇರದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ನಿರಂತರಾಂಧಕಾರಿತದಿಗಂತರ ಎಂದು ಶುರುವಾಗುತ್ತದೆ. ದಿಕ್ಕುದಿಕ್ಕಿಗೂ ಕತ್ತಲು ಕವಿಸಿದ ಮಾವಿನ ತೋಪು. ಹೂವಿನ ರಸ ತೊಟ್ಟಿಕ್ಕುತ್ತಿದೆ, ಕವಿದಿರುವುದು ಮಳೆಮೋಡವೇ ಎಂಬ ಸಂದೇಹ. ಬುಡದಲ್ಲಿ ಹಾಸಿಗೆಯಂಥ ಮರಳು, ಅಲ್ಲೊಂದು ಲಾವಂಚದ ಅರವಟಿಗೆ. ಹುಡುಗಿಯರ ಕೈಯ ಗಿಂಡಿಯಿಂದ ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿ ಘಮಘಮಿಸುವ ತಣ್ಣೀರಿನ ಧಾರೆ. ಆ ಧಾರೆಯನ್ನೂ ಸೋಲಿಸಿ ಬಾಯಾರಿಕೆ ನೀಗುವುದು ಆ ಹುಡುಗಿಯರ ಕಣ್ಣಿನ ಹೊಳಪು. ಯಾರ ಬಾಯಾರಿಕೆ? ಇಷ್ಟುದ್ದ ನಡೆದರೂ ಅದು ಇನ್ನೂ ಗೊತ್ತಾಗಿಲ್ಲ. ಕಟ್ಟಕಡೆಗೆ, ಉಸಿರು ಮುಗಿಯುವ ಹೊತ್ತಿಗೆ ಬರುತ್ತದೆ: ಪಥಿಕಲೋಕಾನ್. ದಾರಿಹೋಕರು.